ದೀರ್ಘ ಸಂದರ್ಶನ: ಎರಡನೆಯ ಪ್ರಶ್ನೆಯ ಬಲ

ದೀರ್ಘ ಸಂದರ್ಶನದಲ್ಲಿ ಪ್ರತಿಯೊಂದು ಪ್ರಶ್ನೆಯೂ ಹಿಂದಿನ ಉತ್ತರದಿಂದ ಹುಟ್ಟಬೇಕು. ಮಹದಾಯಿ ವಿವಾದವನ್ನೇ ನೋಡಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು. ರಾಜಕಾರಣಿಯೊಬ್ಬರು ಈ ಅಂಕಿಯನ್ನು ಹೇಳಿ ಮುಗಿಸಿದರೆ ಅದು ಸುದ್ದಿಯಾಯಿತು. ಸಂದರ್ಶಕನು ಅಲ್ಲಿಗೆ ನಿಲ್ಲಲಾಗದು: ಇದರಲ್ಲಿ ಮಲಪ್ರಭೆಗೆ ಹರಿಯುವುದೆಷ್ಟು? 8.02 ಟಿಎಂಸಿ ವಿದ್ಯುದುತ್ಪಾದನೆಗೆ ಸಂದದ್ದು. ಕಳಸಾ, ಬಂಡೂರಿಗಳಿಂದ ತಿರುಗಿಸಲು ದೊರೆತದ್ದು 3.90 ಮಾತ್ರ. ಈ ವಿಂಗಡಣೆಯನ್ನು ಮುಂದಿಟ್ಟ ಮೇಲೆ ಉತ್ತರದ ಧಾಟಿಯೇ ಬೇರೆಯಾಗುತ್ತದೆ.

ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ದುಡಿಯುವ ಉತ್ತರ ಕರ್ನಾಟಕದವರ ಸ್ಥಿತಿ ಇನ್ನೂ ತೊಡಕಿನದು. ಊರಿನ ಹೊಲ ಮಲಪ್ರಭೆಯ ಕಡೆಗಿದ್ದರೆ, ಅನ್ನ ಮಹದಾಯಿಯು ಮಾಂಡವಿಯೆನಿಸುವ ಗೋವೆಯಲ್ಲಿದೆ. ‘ನೀವು ಯಾರ ಪರ?’ ಎಂದು ಅವರನ್ನು ಕೇಳುವುದು ಸುಲಭ (ದೂರದರ್ಶನದ ಚರ್ಚೆಗಳು ಮಾಡುವುದು ಅದನ್ನೇ). ವಲಸೆ ಬಂದ ವರ್ಷ, ಮನೆ ಬಾಡಿಗೆ, ಮಕ್ಕಳು ಕಲಿಯುವ ಭಾಷೆ, ಊರಿನ ಕೊಳವೆಬಾವಿಯ ಆಳ ಇವನ್ನು ವಿಚಾರಿಸಿ, ಮಾತು ತಡವರಿಸಿದಲ್ಲಿ ಸುಮ್ಮನೆ ಕಾಯ್ದರೆ, ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದು ಅವರ ಬಾಯಿಂದಲೇ ಹೊರಡುತ್ತದೆ.

ಬರಹಕ್ಕಿಳಿಸುವಾಗ ಅವರ ನುಡಿಯನ್ನು ಗ್ರಾಂಥಿಕಕ್ಕೆ ತಿದ್ದಿದರೆ ಮಾತನಾಡಿದವರೇ ಕಾಣೆಯಾಗುತ್ತಾರೆ. ಹೆಸರನ್ನು ಪ್ರಕಟಿಸಲು ಒಪ್ಪಿಗೆ ಬೇಕೇ ಬೇಕು. ಪರನಾಡಿನ ಬಾಡಿಗೆದಾರನಿಗೆ ಆಡಿದ ಒಂದು ಮಾತು ತಲೆಯ ಮೇಲಿನ ಸೂರನ್ನೇ ಕಳೆಯಬಹುದು.