ಮೂಲವ್ಯಾಧಿಯೆಂದು ಸುಮ್ಮನಿರದಿರಿ

ಮಲದೊಡನೆ ರಕ್ತ ಕಂಡಾಗ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು, "ಮೂಲವ್ಯಾಧಿಯಿರಬೇಕು, ಉಷ್ಣವಾಗಿದೆ, ಮಜ್ಜಿಗೆ ಕುಡಿ" ಎಂಬುದು. ಎಷ್ಟೋ ಸಲ ಆ ಊಹೆ ನಿಜವೂ ಆಗಿರುತ್ತದೆ. ಆದರೆ ಕೆಲವರಲ್ಲಿ ಅದು ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರಿನ ಮೊದಲ ಸೂಚನೆ. ರೋಗಿಯ ವಯಸ್ಸು ಮೂವತ್ತೋ ಮೂವತ್ತೈದೋ ಆಗಿದ್ದರೆ ಈ ಸಂದೇಹ ಮನೆಯವರಿಗೆ ಬಾರದು. ಕೆಲವೊಮ್ಮೆ ವೈದ್ಯರಿಗೂ ಬಾರದು. ಹೀಗೆಯೇ ತಿಂಗಳುಗಳು ಕಳೆದುಹೋಗುತ್ತವೆ.

ಈ ರೋಗಿಗಳಲ್ಲಿ ಹೆಚ್ಚಿನವರು ಇಂದಿಗೂ 50 ದಾಟಿದವರೇ. ಆದರೂ 1990ರ ದಶಕದಿಂದೀಚೆಗೆ ಹಲವು ದೇಶಗಳಲ್ಲಿ ಅದಕ್ಕಿಂತ ಚಿಕ್ಕವರಲ್ಲಿ ರೋಗ ಹೆಚ್ಚುತ್ತಿದೆ. ಅಮೆರಿಕದ ಚಿತ್ರನಟ ಚಾಡ್ವಿಕ್ ಬೋಸ್ಮನ್ ಅವರಿಗೆ 2016ರಲ್ಲಿ ರೋಗ ಪತ್ತೆಯಾದಾಗ ಅದು ಮೂರನೆಯ ಹಂತದಲ್ಲಿತ್ತು. 2020ರಲ್ಲಿ, 43ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಮೆರಿಕದ ಕ್ಯಾನ್ಸರ್ ಸೊಸೈಟಿಯು 2018ರಲ್ಲಿ, ಲಕ್ಷಣಗಳಿಲ್ಲದವರೂ ತಪಾಸಣೆ ಆರಂಭಿಸಬೇಕಾದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ನಮ್ಮ ದೇಶದ ಸರಕಾರಿ ಸಾಮೂಹಿಕ ತಪಾಸಣೆಯಾದರೋ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಸಂಬಂಧಿಸಿದ್ದು. ಆದುದರಿಂದ ಕರುಳಿನ ವಿಷಯದಲ್ಲಿ ಲಕ್ಷಣಗಳನ್ನು ಗುರುತಿಸುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ.

ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ವಾರಗಟ್ಟಲೆ ವ್ಯತ್ಯಾಸ, ಬಿಡದ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ: ಇವು ಗಮನಿಸಬೇಕಾದವು. ಕರುಳಿನ ಬಲಭಾಗದ ಗೆಡ್ಡೆಯಿಂದ ರಕ್ತವು ಕಣ್ಣಿಗೆ ಕಾಣದಂತೆ ಒಸರಬಹುದು. ಹೆಣ್ಣುಮಕ್ಕಳ ರಕ್ತಹೀನತೆಯನ್ನು ಮುಟ್ಟು, ಹೆರಿಗೆಗಳ ಲೆಕ್ಕಕ್ಕೆ ಸೇರಿಸಿ, ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗುವುದುಂಟು. ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಈ ರೋಗವಿದ್ದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು.

ಗಡಿಯಾಚೆ ನೆಲಸಿದ ನಮಗೆ ಮತ್ತೊಂದು ತೊಡಕಿದೆ. ಮನೆಯಲ್ಲಿ ಕನ್ನಡದಲ್ಲಿಯೇ ಹೇಳಲು ನಾಚುವ ಮಾತನ್ನು ಆಸ್ಪತ್ರೆಯಲ್ಲಿ ಮಲಯಾಳದಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಳಬೇಕು. "ಹೊಟ್ಟೆ ಸರಿಯಿಲ್ಲ" ಎಂದಷ್ಟೇ ಹೇಳಿ ಮಾತ್ರೆಯೊಡನೆ ಮರಳುತ್ತೇವೆ. ಹಾಗಾಗದಂತೆ, ರಕ್ತ ಎಂದಿನಿಂದ ಕಾಣುತ್ತಿದೆ, ಎಷ್ಟು ಸಲ, ತೂಕವೆಷ್ಟು ಇಳಿದಿದೆ, ಮನೆತನದಲ್ಲಿ ಯಾರಿಗಿತ್ತು ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ಆ ನುಡಿ ಬಲ್ಲವರೊಬ್ಬರು ಜೊತೆಗಿರಲಿ. ಔಷಧಿಯಿಂದ ಗುಣ ಕಾಣದಿದ್ದರೆ ಮತ್ತೆ ಹೋಗಿ, ಕೊಲೊನೊಸ್ಕೊಪಿ ಬೇಕೇ ಎಂದು ಸಂಕೋಚವಿಲ್ಲದೆ ಕೇಳಿರಿ.

ಈ ಕ್ಯಾನ್ಸರು ಬಹುಮಟ್ಟಿಗೆ ಕರುಳಿನ ಒಳಪದರದಲ್ಲಿ ಹುಟ್ಟುವ ಸಣ್ಣ ಮಾಂಸದ ಕುಡಿಯಿಂದ ಆರಂಭವಾಗುತ್ತದೆ. ಅದು ಕೆಡಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಅಷ್ಟರೊಳಗೆ ಕಂಡರೆ ಹೆಚ್ಚಿನ ಕುಡಿಗಳನ್ನು ಆ ಪರೀಕ್ಷೆಯಲ್ಲಿಯೇ ತೆಗೆದುಹಾಕಬಹುದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಗುವವರೆಗೆ ಕಾಯಬೇಕೇ? ನಾಚಿಕೆ ಒಂದು ಗಳಿಗೆಯದು. ತಡಮಾಡಿದ ದುಃಖ ಮನೆಮಂದಿಗೆಲ್ಲ.