ಪೊಲೀಸರ ಮೇಲ್ವಿಚಾರಣೆಗೆ ಜನರ ಪ್ರತಿನಿಧಿ

ಪೊಲೀಸ್ ಕಮಿಷನರ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಖಾಕಿ ತೊಟ್ಟ ಹಿರಿಯ ಐ.ಪಿ.ಎಸ್. ಅಧಿಕಾರಿ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಪ್ರದೇಶಗಳಲ್ಲಿರುವ ‘ಪೊಲೀಸ್ ಅಂಡ್ ಕ್ರೈಮ್ ಕಮಿಷನರ್’ ಪೊಲೀಸ್ ಅಧಿಕಾರಿಯಲ್ಲ. ಜನರಿಂದ ಆರಿಸಿ ಬಂದ ಪ್ರತಿನಿಧಿ.

ಮೊದಲು ಅಲ್ಲಿ ಪೊಲೀಸ್ ಪ್ರಾಧಿಕಾರವೆಂಬ ಸಮಿತಿಗಳು ಮೇಲ್ವಿಚಾರಣೆ ನಡೆಸುತ್ತಿದ್ದವು. ಜನರಿಗೆ ನೇರವಾಗಿ ಉತ್ತರ ಹೇಳುವ ಒಬ್ಬ ವ್ಯಕ್ತಿ ಇರಲೆಂದು 2011ರ ಕಾಯ್ದೆ ಈ ಹುದ್ದೆಯನ್ನು ರೂಪಿಸಿತು.

ಕಮಿಷನರ ಕೆಲಸವೇನು? ಪೊಲೀಸ್ ಬಜೆಟ್ ನಿಗದಿಪಡಿಸುವುದು. ಅಪರಾಧ ತಡೆಯ ಆದ್ಯತೆಗಳನ್ನು ಗೊತ್ತುಮಾಡುವುದು. ಪಡೆಯ ಮುಖ್ಯಸ್ಥರಾದ ಚೀಫ್ ಕಾನ್‌ಸ್ಟೆಬಲ್‌ರನ್ನು ನೇಮಿಸುವುದು, ಅಗತ್ಯಬಿದ್ದರೆ ತೆಗೆಯುವುದು. ಆದರೆ ಇಂಥವರನ್ನು ಬಂಧಿಸಿ, ಇಂಥವರನ್ನು ಬಿಡಿ ಎಂದು ಹೇಳುವಂತಿಲ್ಲ. ಏಕೆ? ಮತ ಕೇಳಿ ಬಂದವರ ಕೈಗೆ ಆ ಅಧಿಕಾರ ಸಿಕ್ಕರೆ, ಎದುರಾಳಿಯ ಮನೆ ಬಾಗಿಲಿಗೆ ಪೊಲೀಸರು ಬರಲು ಎಷ್ಟು ಹೊತ್ತು?

ಮೊದಲ ಚುನಾವಣೆ ನಡೆದದ್ದು 2012ರ ನವೆಂಬರ್ 15ರಂದು. ಮತ ಹಾಕಿದವರು ನೂರಕ್ಕೆ ಸುಮಾರು 15 ಮಂದಿ ಮಾತ್ರ! ವೇಲ್ಸ್‌ನ ನ್ಯೂಪೋರ್ಟ್‌ನ ಒಂದು ಮತಗಟ್ಟೆಗೆ ಒಬ್ಬ ಮತದಾರರೂ ಬರಲಿಲ್ಲ. 2016, 2021, 2024ರ ಚುನಾವಣೆಗಳಲ್ಲೂ ಬಹುಪಾಲು ಮತದಾರರು ದೂರವೇ ಉಳಿದರು. ಈ ಹುದ್ದೆಯನ್ನು 2028ರ ಮೇ ತಿಂಗಳಲ್ಲಿ ಕೊನೆಗೊಳಿಸುವುದಾಗಿ ಬ್ರಿಟಿಷ್ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕೆಲಸ ಮಾತ್ರ ನಿಲ್ಲದು. ಅದು ಚುನಾಯಿತ ಮೇಯರ್‌ಗಳಿಗೆ ಅಥವಾ ಸ್ಥಳೀಯ ಸಂಸ್ಥೆಗಳ ನಾಯಕರಿಗೆ ಸೇರಲಿದೆ.

ಯೋಚಿಸಿ: ಕಾಯ್ದೆ ಮತದ ಹಕ್ಕನ್ನು ಕೊಡಬಹುದು. ಆದರೆ ಜನರೇ ಅದನ್ನು ಬಳಸದಿದ್ದರೆ, ಪೊಲೀಸರನ್ನು ಪ್ರಶ್ನಿಸುವ ಪ್ರತಿನಿಧಿಯ ಮಾತಿಗೆ ಬಲ ಎಲ್ಲಿಂದ ಬಂದೀತು?