ಚಿಕ್ಕೋಡಿಯಿಂದ ಅಮೆರಿಕ ಸಂಸತ್ತಿಗೆ: ವಲಸಿಗನ ಮತಕ್ಕೆಷ್ಟು ತೂಕ?

ಚಿಕ್ಕೋಡಿ: ಅಮೆರಿಕದ ವಿದೇಶಾಂಗ ನೀತಿಯ ಚರ್ಚೆಯಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿದವರೊಬ್ಬರ ದನಿಯೂ ಸೇರಿದೆ. 1955ರ ಫೆಬ್ರುವರಿ 22ರಂದು ಇಲ್ಲಿ ಜನಿಸಿ, ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ (ಇಲ್ಲಿ 'ಶ್ರೀ' ಗೌರವಸೂಚಕವಲ್ಲ, ಅವರ ಹೆಸರೇ ಅದು) 2023ರ ಜನವರಿಯಲ್ಲಿ ಅಮೆರಿಕದ ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದರು. ಹೊರನಾಡಿನಲ್ಲಿ ಬಾಲ್ಯ ಕಳೆದವರಿಗೆ ಈ ಬಾಗಿಲು ತೆರೆಯುವುದು ಹೇಗೆ? ಒಳಹೊಕ್ಕ ಮೇಲೆ ಅವರಿಂದ ಏನು ಸಾಧ್ಯ?

ಸಾಗಿ ಬಂದ ದಾರಿ

ಥಾನೇದಾರ್ ಅವರದು ಮರಾಠಿ ಮನೆಮಾತಿನ ಕೆಳಮಧ್ಯಮ ವರ್ಗದ ಕುಟುಂಬ. ತಂದೆ ನಿವೃತ್ತರಾದಾಗ ಅವರಿಗೆ 14 ವರ್ಷ. ಸಣ್ಣಪುಟ್ಟ ಕೆಲಸ ಮಾಡುತ್ತಲೇ ರಸಾಯನಶಾಸ್ತ್ರ ಓದಿ, ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ದುಡಿದರು. 1979ರಲ್ಲಿ ಅಮೆರಿಕಕ್ಕೆ ತೆರಳಿ, 1982ರಲ್ಲಿ ಆಕ್ರನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1988ರಲ್ಲಿ ಅಲ್ಲಿನ ಪೌರತ್ವ ದೊರೆಯಿತು. 1991ರಲ್ಲಿ 75 ಸಾವಿರ ಡಾಲರ್‌ಗೆ ಕೊಂಡ ರಾಸಾಯನಿಕ ಪ್ರಯೋಗಾಲಯವನ್ನು ಬೆಳೆಸಿದರಾದರೂ, 2010ರಲ್ಲಿ ಸಾಲದ ಸುಳಿಗೆ ಸಿಲುಕಿ ಕಳೆದುಕೊಂಡರು. ಮತ್ತೊಂದು ಕಂಪನಿ ಕಟ್ಟಿ, 2016ರಲ್ಲಿ ಅದರ ಬಹುಪಾಲು ಮಾರಿದರು.

2018ರಲ್ಲಿ ಸುಮಾರು 1 ಕೋಟಿ ಡಾಲರ್ ಸ್ವಂತ ಹಣ ಸುರಿದು ಮಿಷಿಗನ್ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಯತ್ನಿಸಿ ಸೋತರು. 2020ರಲ್ಲಿ ರಾಜ್ಯ ಶಾಸನಸಭೆಗೆ, 2022 ಮತ್ತು 2024ರಲ್ಲಿ ಡೆಟ್ರಾಯಿಟ್ ಒಳಗೊಂಡ 13ನೇ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು.

ಕಾನೂನು ಏನನ್ನುತ್ತದೆ?

ಪೌರತ್ವ ಪಡೆದು 7 ವರ್ಷವಾದ ವಲಸಿಗರು ಕೆಳಮನೆಗೂ, 9 ವರ್ಷವಾದವರು ಸೆನೆಟ್‌ಗೂ ಸ್ಪರ್ಧಿಸಬಹುದು. ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಕಿಸಿಂಜರ್ 1973ರಲ್ಲಿ, ಪ್ರಾಗ್‌ನಲ್ಲಿ ಹುಟ್ಟಿದ ಮೆಡಲಿನ್ ಆಲ್‌ಬ್ರೈಟ್ 1997ರಲ್ಲಿ ವಿದೇಶಾಂಗ ಸಚಿವರೇ ಆದರು. ಆದರೆ ಅಧ್ಯಕ್ಷ ಪದವಿ ಮಾತ್ರ ಹುಟ್ಟಿನಿಂದಲೇ ಪ್ರಜೆಯಾದವರಿಗೆ ಮೀಸಲು.

ಅಧಿಕಾರದ ಮಿತಿ

ವಿದೇಶಿ ಒಪ್ಪಂದ ಮತ್ತು ರಾಯಭಾರಿಗಳ ನೇಮಕಕ್ಕೆ ಸಮ್ಮತಿ ನೀಡುವುದು ಸೆನೆಟ್. ಆದರೆ ವಿದೇಶಿ ನೆರವಿಗೆ, ರಕ್ಷಣಾ ವೆಚ್ಚಕ್ಕೆ ಹಣ ಬಿಡುಗಡೆಯಾಗಲು ಕೆಳಮನೆಯ ಒಪ್ಪಿಗೆ ಬೇಕೇ ಬೇಕು. ಥಾನೇದಾರ್ ಅವರಿಗೆ 2023ರಲ್ಲಿ ದೊರೆತದ್ದು ವಿದೇಶಾಂಗ ಸಮಿತಿಯಲ್ಲ. ಆಂತರಿಕ ಭದ್ರತೆ ಮತ್ತು ಸಣ್ಣ ಉದ್ದಿಮೆಗಳ ಸಮಿತಿಗಳು. ಅದೇ ವರ್ಷ ಆಗಸ್ಟ್ 15ರಂದು ಕೆಂಪುಕೋಟೆಯ ಸಮಾರಂಭಕ್ಕೆ ಬಂದ ಅಮೆರಿಕ ಸಂಸದರ ನಿಯೋಗದಲ್ಲಿ ಅವರೂ ಇದ್ದರು.

ಇಲ್ಲಿನವರಿಗೇನು?

ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿದ ಕುಟುಂಬಗಳಿಗೆ ನೇರವಾಗಿ ತಟ್ಟುವುದು ಗ್ರೀನ್ ಕಾರ್ಡ್ ಪ್ರಶ್ನೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗದು. ಭಾರತೀಯರ ಸರದಿ ವರ್ಷಗಟ್ಟಲೆ ಬೆಳೆದದ್ದು ಈ ಮಿತಿಯಿಂದಲೇ. ಇದನ್ನು ತೆಗೆಯುವ ಮಸೂದೆಯನ್ನು ಕೆಳಮನೆ 2019ರ ಜುಲೈನಲ್ಲಿ 365-65 ಮತಗಳಿಂದ ಅಂಗೀಕರಿಸಿತ್ತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತಿದ್ದುಪಡಿಯೊಡನೆ ಒಪ್ಪಿದರೂ ಎರಡು ರೂಪಗಳು ಒಂದಾಗದೆ ಮಸೂದೆ ಬಿದ್ದುಹೋಯಿತು.

435 ಸದಸ್ಯರ ಸಭೆಯಲ್ಲಿ ಚಿಕ್ಕೋಡಿ ಸಂಜಾತರದು ಒಂದು ಮತ. ಅದನ್ನು ಅವರಿಗೆ ಕೊಟ್ಟವರು ಡೆಟ್ರಾಯಿಟ್‌ನ ಮತದಾರರು. ಅವರು ಮೊದಲು ಉತ್ತರ ಹೇಳಬೇಕಾದದ್ದೂ ಅವರಿಗೇ.